ರಿಸ್ಟೋರ್ ಆದ ಹಳೇ ಸಿನಿಮಾ, ಡಾಕ್ಯುಮೆಂಟರಿ ಡಿಸ್ಕ್ ಕೂಡಿಸುವವ್ರು ಉಡುಪಿ ಮಂಗ್ಳೂರಲ್ಲಿ ಯಾರೆಲ್ಲ ಇದ್ದೀರಿ?

ಕಲ್ಸಂಕದವ:

ನಮಸ್ಕಾರ ಎಲ್ಲರಿಗೂ. ನಮ್ಮ ಕಡೆ ಇನ್ನೂ ಸಿನಿಮಾ ಡಿಸ್ಕ್ ತಗೊಂಡು ಕೂಡಿಸಿಡುವವ್ರು ಯಾರೆಲ್ಲ ಇದ್ದೀರಿ ಅಂತ ಗೊತ್ತಾಗ್ಬೇಕಿತ್ತು, ಅದಕ್ಕೇ ಬರೀತಿದ್ದೇನೆ. ಹೊಸ ಪಿಕ್ಚರಿನ ಡಿಸ್ಕ್ ಅಲ್ಲ ಕೇಳುದು, ನೆಗೆಟಿವಿನಿಂದ (ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮಿನಿಂದ) ಸರಿಯಾಗಿ ರಿಸ್ಟೋರ್ ಮಾಡಿ ಬ್ಲೂ-ರೇ, ಡಿವಿಡಿಯಲ್ಲಿ ಬಿಟ್ಟ ಹಳೇ ಸಿನಿಮಾಗಳು, ಮತ್ತೆ ಡಾಕ್ಯುಮೆಂಟರಿಗಳು.

ಇದು ತಲೆಗೆ ಹೊಕ್ಕದ್ದು ಘಟಶ್ರಾದ್ಧದಿಂದ. 1977ರ ಸಿನಿಮಾ, ಗಿರೀಶ ಕಾಸರವಳ್ಳಿಯವರ ಮೊದಲನೇದು, ಸ್ವರ್ಣಕಮಲ ಬಂದದ್ದು, ಅದೆಲ್ಲ ಎಲ್ರಿಗೂ ಗೊತ್ತುಂಟು. ಆದ್ರೆ ನಮ್ಮಲ್ಲಿ ಹೆಚ್ಚಿನವ್ರು ನೋಡಿದ್ದು ಯಾವ ಘಟಶ್ರಾದ್ಧ? ಟಿವಿಯಲ್ಲಿ ಬಂದದ್ದನ್ನು ಯಾರೋ ರೆಕಾರ್ಡ್ ಮಾಡಿ ಅದರ ಕಾಪಿಯ ಕಾಪಿಯನ್ನು ನೆಟ್ಟಿಗೆ ಹಾಕಿದ್ದು. ರಾತ್ರಿ ಸೀನು ಬಂದ್ರೆ ಪೂರಾ ಕಪ್ಪು, ಹಗಲಿನದ್ದು ಪೂರಾ ಬಿಳಿ, ನಡುವಿನ ಬೂದು ಒಂದೂ ಇಲ್ಲ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಕೆಲಸದ ಬಗ್ಗೆ ಎಷ್ಟೋ ಕಡೆ ಓದಿದ್ದೇವೆ, ಕಣ್ಣಿಗೆ ಕಂಡದ್ದಿಲ್ಲ. ಈಗ ಪುಣೆಯ ಆರ್ಕೈವಿನಲ್ಲಿದ್ದ ಒರಿಜಿನಲ್ ಕ್ಯಾಮೆರಾ ನೆಗೆಟಿವ್ ತೆಗೆದು, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೇಸೆಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್, ಇಟಲಿಯ ಬೊಲೋನ್ಯಾದ ಲ್ಯಾಬಿನವ್ರು ಎಲ್ಲ ಸೇರಿ ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಫೆಸ್ಟಿವಲಿನ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದ್ರು. ಅದರ ಸ್ಟಿಲ್ಸ್ ನೋಡಿ ನನಗೆ ನಿದ್ದೆ ಬರ್ಲಿಲ್ಲ. ವೆನಿಸಿಗೆ ಹೋಗುದು ನಮ್ಮಿಂದಾಗುವ ಕೆಲಸ ಅಲ್ಲ, ಬೆಂಗಳೂರಿನ ಒಂದು ಶೋಗೆ ರಜೆ ಹಾಕಿ ಹೋಗುದೂ ಎಲ್ಲರಿಂದ ಆಗುದಿಲ್ಲ. ಇಂಥ ಕೆಲಸ ಉಡುಪಿಯ ಒಂದು ಮನೆಯ ಕಪಾಟಿಗೆ ಬಂದು ಕೂತ್ಕೊಳ್ಬೇಕಾದ್ರೆ ಒಳ್ಳೆ ಡಿಸ್ಕ್ ಬೇಕು, ನನಗೆ ಬೇರೆ ದಾರಿ ಕಾಣುದಿಲ್ಲ.

ಹೊಸತಾಗಿ ಶುರು ಮಾಡುವವ್ರಿಗೆ ಬೇಕಾದ ವಿಷಯ ಇಲ್ಲಿ ಒಟ್ಟಾಗ್ಲಿ. ಹೊರದೇಶದ ಡಿಸ್ಕ್ ಇಲ್ಲಿಯ ಪ್ಲೇಯರಲ್ಲಿ ಓಡ್ತದಾ, ನಮ್ಮ ಮಳೆಗಾಲದಲ್ಲಿ ಡಿಸ್ಕ್ ಇಡುದು ಹೇಗೆ, ಡಾಕ್ಯುಮೆಂಟರಿಯಲ್ಲಿ ಮೊದಲು ಯಾವುದು ತಗೊಳ್ಬೇಕು, ಗೊತ್ತಿದ್ದವ್ರು ಬರೀರಿ.

ಹಂಪನಕಟ್ಟೆ ರೀಲು:

ಒಳ್ಳೆ ಥ್ರೆಡ್ ಮಾರಾಯ್ರೆ. ರೀಜನ್, ಅಂದ್ರೆ ಡಿಸ್ಕ್ ಯಾವ ದೇಶದ ಪ್ಲೇಯರಲ್ಲಿ ಓಡ್ಬೇಕು ಅಂತ ಹಾಕುವ ಲಾಕ್, ಅದರ ವಿಷಯ ನಾನು ಹೇಳ್ತೇನೆ, ಯಾಕಂದ್ರೆ ದುಡ್ಡು ಹಾಳಾಗುದೇ ಅಲ್ಲಿ.

ಡಿವಿಡಿಯಲ್ಲಿ ಇಂಡಿಯಾ ರೀಜನ್ 5, ಅಮೆರಿಕ 1, ಇಂಗ್ಲೆಂಡ್ 2. ಬ್ಲೂ-ರೇಯಲ್ಲಿ ಮೂರೇ ಭಾಗ, ಅಮೆರಿಕ ಎ, ಇಂಗ್ಲೆಂಡ್ ಯುರೋಪ್ ಬಿ, ನಮ್ಮದು ಸಿ. ಹಳೇ ಸಿನಿಮಾ ಡಿಸ್ಕ್ ಬಿಡುವ ಕ್ರೈಟೀರಿಯನ್ ಕಂಪೆನಿಯವ್ರ ಅಮೆರಿಕದ ಬ್ಲೂ-ರೇ ರೀಜನ್ ಎ ಲಾಕ್, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನದ್ದು ಹೆಚ್ಚಾಗಿ ಬಿ. ಅಂದ್ರೆ ನಮಗೆ ಬೇಕಾದ ಡಿಸ್ಕುಗಳಲ್ಲಿ ಹೆಚ್ಚಿನವು ಇಲ್ಲಿ ಅಂಗಡಿಯಿಂದ ತಂದ ಪ್ಲೇಯರಿಗೆ ಹಾಕಿದ್ರೆ ಓಡುದಿಲ್ಲ. ಡಿವಿಡಿ ಆದ್ರೆ ಎಷ್ಟೋ ಪ್ಲೇಯರಲ್ಲಿ ರಿಮೋಟಿನಿಂದ ಕೋಡ್ ಒತ್ತಿ ಲಾಕ್ ಬಿಡಿಸ್ಬಹುದು, ಬ್ಲೂ-ರೇಗೆ ಹಾಗೆ ಆಗುದು ಕಮ್ಮಿ, ಮಲ್ಟಿ ರೀಜನ್ ಅಂತಲೇ ಮಾಡಿಸಿದ ಪ್ಲೇಯರ್ ಬೇಕು. 4ಕೆ ಯುಎಚ್‌ಡಿ ಡಿಸ್ಕಿಗೆ ರೀಜನ್ನೇ ಇಲ್ಲ, ಅದು ಭಾರಿ ಉಪಕಾರ, ಆದ್ರೆ ಅದೇ ಬಾಕ್ಸಲ್ಲಿ ಇರುವ ಮಾಮೂಲಿ ಬ್ಲೂ-ರೇಗೆ ಲಾಕ್ ಇರ್ತದೆ, ಅದು ನೆನಪಿರ್ಲಿ. ಎಕ್ಸ್‌ಟ್ರಾ ಎಲ್ಲ ಅದರಲ್ಲೇ ಇರುದು ಹೆಚ್ಚು.

ಕಂಪ್ಯೂಟರಿನ ಡ್ರೈವ್ ಬಗ್ಗೆ ಕೂಡ ಹೇಳ್ತೇನೆ. ಡಿವಿಡಿ ಡ್ರೈವಿನ ರೀಜನ್ ಐದು ಸಲ ಮಾತ್ರ ಬದಲಾಯಿಸ್ಲಿಕ್ಕೆ ಬಿಡ್ತದೆ, ಆಮೇಲೆ ಕೊನೆಗೆ ಇಟ್ಟದ್ದೇ ಗಟ್ಟಿ. ಬ್ಲೂ-ರೇಯಲ್ಲಿ ರೀಜನ್ ನೋಡುದು ಡ್ರೈವ್ ಅಲ್ಲ, ಪ್ಲೇ ಮಾಡುವ ಸಾಫ್ಟ್‌ವೇರ್. ಹಾಗಾಗಿ ಎಕ್ಸ್‌ಟರ್ನಲ್ ಬ್ಲೂ-ರೇ ಡ್ರೈವ್ ಒಂದಿದ್ರೆ ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡ್ಬಹುದು, ಶುರುವಿಗೆ ಅದೇ ಸಾಕು.

ಪ್ಲೇಯರ್ ತಗೊಳ್ಳುವ ಮನಸ್ಸಿದ್ರೆ ತಡ ಮಾಡ್ಬೇಡಿ. ಎಲ್‌ಜಿಯವ್ರು ಬ್ಲೂ-ರೇ ಪ್ಲೇಯರ್ ಮಾಡುದು 2024ರಲ್ಲಿ ಬಿಟ್ರು, ಸೋನಿಯವ್ರು 2025ರಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್ ಮಾಡುದು ನಿಲ್ಲಿಸಿದ್ರು. ಸಿನಿಮಾ ಡಿಸ್ಕ್ ಇನ್ನೂ ಬರ್ತಾ ಉಂಟು, ಓಡಿಸುವ ಮಿಷನೇ ಕಮ್ಮಿ ಆಗ್ತಾ ಬರುದು.

ಕಟಪಾಡಿ ಅಕ್ಕ:

ಮಳೆಗಾಲದ ವಿಷಯಕ್ಕೆ ನಾನು ಬರ್ತೇನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಚಪ್ಪಲಿಗೆ ಬೆಲ್ಟಿಗೆ ಎಲ್ಲ ಬೂಸ್ಟು ಹಿಡಿಯುದು ಇದ್ದದ್ದೇ, ಡಿಸ್ಕ್ ಬಿಡ್ತದಾ? ಡಿಸ್ಕಿಗಿಂತ ಮೊದಲು ಹಾಳಾಗಿ ಹೋಗುದು ಒಳಗಿನ ಬುಕ್‌ಲೆಟ್. ನುಣುಪು ಕಾಗದ ಒಂದಕ್ಕೊಂದು ಅಂಟಿದ ಮೇಲೆ ಬಿಡಿಸ್ಲಿಕ್ಕೆ ಹೋದ್ರೆ ಅಕ್ಷರ ಸಮೇತ ಕಿತ್ತು ಬರ್ತದೆ. ಕ್ರೈಟೀರಿಯನ್, ಸೆಕೆಂಡ್ ರನ್ ಇವರ ಬುಕ್‌ಲೆಟಿನಲ್ಲಿ ಎಂಥೆಂಥ ಲೇಖನ ಇರ್ತವೆ, ಡಿಸ್ಕಿನಷ್ಟೇ ಬೆಲೆ ಅದಕ್ಕೂ ಉಂಟು, ಹಾಗಾಗಿ ಮಳೆಗಾಲಕ್ಕೆ ಮುಂಚೆ ಬುಕ್‌ಲೆಟ್ ಎಲ್ಲ ತೆಗೆದು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆ ಇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತಗೊಳ್ಳಿ, ನೀಲಿ ಇದ್ದದ್ದು ಗುಲಾಬಿ ಆದ್ರೆ ನೀರು ಕುಡಿದಿದೆ ಅಂತ ಅರ್ಥ, ಓವನಿನಲ್ಲಿ ಹದ ಬಿಸಿಯಲ್ಲಿ ಒಣಗಿಸಿದ್ರೆ ಮತ್ತೆ ನೀಲಿ ಆಗ್ತದೆ.

ಡಿಸ್ಕ್ ಕೇಸನ್ನು ಪುಸ್ತಕದ ಹಾಗೆ ನಿಲ್ಲಿಸಿಡಿ, ಅಡ್ಡ ಒಟ್ಟಿ ಇಡ್ಬೇಡಿ. ಹೊರಗಿನ ಗೋಡೆಗೆ ತಾಗಿದ ಕಪಾಟು ಬೇಡ, ಆ ಗೋಡೆಯೇ ಥಂಡಿ ಎಳೆಯುದು. ಕಪಾಟಿನೊಳಗೆ ಬಲ್ಬ್ ಉರಿಸಿಡುವ ಪದ್ಧತಿ ನಮ್ಮಲ್ಲಿ ಉಂಟಲ್ಲ, ಬಟ್ಟೆಗೆ ಅದು ಸರಿ, ಡಿಸ್ಕಿಗೆ ಬೇಡ, ಒಂದೇ ಕಡೆ ಬಿಸಿಯಾಗಿ ಡೊಂಕಾಗ್ತದೆ. ನುಸಿಗುಳಿಗೆಯಂತೂ ಹತ್ತಿರವೇ ತರ್ಬೇಡಿ, ನ್ಯಾಫ್ತಲಿನ್ ಕೆಲವು ಜಾತಿಯ ಪ್ಲಾಸ್ಟಿಕನ್ನು ತಿನ್ತದೆ. ದೊಡ್ಡ ಕಲೆಕ್ಷನ್ ಇದ್ದವ್ರಿಗೆ ಫೋಟೋಗ್ರಾಫರುಗಳು ಲೆನ್ಸ್ ಇಡುವ ಡ್ರೈ ಕ್ಯಾಬಿನೆಟ್ ಒಳ್ಳೇದು, 45 ಪರ್ಸೆಂಟ್ ತೇವಾಂಶಕ್ಕೆ ಇಟ್ಟು ಮರೆತುಬಿಡ್ಬಹುದು.

ಮಣಿಪಾಲ ಹಾಸ್ಟೆಲ್:

ಅಣ್ಣ, ಅಕ್ಕ, ಒಂದು ಡೌಟು ಕೇಳ್ಲಾ? ನಾನು ಮೀಡಿಯಾ ಓದ್ತಿರುದು, ರೂಮಲ್ಲಿ ಡಿಸ್ಕ್ ಇಡ್ಲಿಕ್ಕೆ ಜಾಗ ಇಲ್ಲ. ಅದೇ ರಿಸ್ಟೋರ್ಡ್ ಸಿನಿಮಾ ಆ್ಯಪಿನಲ್ಲಿ ಬಂದ್ರೆ ನೋಡಿದ್ರೆ ಆಯ್ತಲ್ವಾ, ಇಷ್ಟು ದುಡ್ಡು, ಕಸ್ಟಮ್ಸು, ರೀಜನ್ ತಲೆನೋವು ಯಾಕೆ? ಮತ್ತೆ ರಿಸ್ಟೋರ್ ಅಂದ್ರೆ ಕಂಪ್ಯೂಟರಲ್ಲಿ ಶಾರ್ಪ್ ಮಾಡುದೇ ಅಲ್ವಾ?

ಕಲ್ಸಂಕದವ:

ಆ್ಯಪಿನಲ್ಲಿ ಸಿಕ್ಕಿದ್ರೆ ಖಂಡಿತ ನೋಡು ಮಾರಾಯ, ನೋಡುದೇ ಮುಖ್ಯ. ಆದ್ರೆ ಅಲ್ಲಿ ಸಿನಿಮಾ ಇರುದು ಒಪ್ಪಂದ ಇರುವಷ್ಟು ದಿನ. ನೀನು ಪೇಪರ್ ಬರೀಲಿಕ್ಕೆ ಕೂತ ವಾರವೇ ಅದು ಹೋಗಿರ್ಬಹುದು. ಯಾವ ಪ್ರಿಂಟಿನಿಂದ ಬಂದದ್ದು, ಯಾರು ರಿಸ್ಟೋರ್ ಮಾಡಿದ್ದು, ಏನು ಬಿಟ್ಟಿದ್ದಾರೆ ಏನು ಸೇರಿಸಿದ್ದಾರೆ ಅಂತ ಅಲ್ಲಿ ಬರೆದಿರುದು ಕಮ್ಮಿ. ಒಳ್ಳೆ ಡಿಸ್ಕಿನ ಬುಕ್‌ಲೆಟಿನಲ್ಲಿ ಅದು ಬರೆದಿರ್ತದೆ, ನಾನು ಡಿಸ್ಕ್ ಬಂದ ಕೂಡ್ಲೇ ಮೊದಲು ಓದುದೇ ಆ ಪುಟ.

ಶಾರ್ಪ್ ಮಾಡುದು ರಿಸ್ಟೋರೇಶನ್ ಅಲ್ಲ. ಸತ್ಯಜಿತ್ ರಾಯ್ ಅವರ ಮೂರು ಸಿನಿಮಾ, ಅಪು ಟ್ರಿಲಜಿಯ ಕಥೆ ಕೇಳು. ಆ ಮೂರು ಸಿನಿಮಾದ ಒರಿಜಿನಲ್ ನೆಗೆಟಿವ್ 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿಗೆ ಬೆಂಕಿ ಬಿದ್ದಾಗ ಸುಟ್ಟು ಹೋಗಿತ್ತು. ಸುಟ್ಟದ್ದನ್ನು ಬಿಸಾಡದೆ ಅಮೆರಿಕದ ಅಕಾಡೆಮಿ ಆರ್ಕೈವಿನವ್ರು ಎತ್ತಿಟ್ರು. ಎಷ್ಟೋ ವರ್ಷ ಆದ್ಮೇಲೆ ಬೊಲೋನ್ಯಾದ ಲಿಮ್ಮಾಜಿನೆ ರಿಟ್ರೊವಾಟಾ ಲ್ಯಾಬಿನವ್ರು ಆ ಒಣಗಿ ಮುರುಟಿದ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ಕರಗಿ ಅಂಟಿದ್ದನ್ನು ಬಿಡಿಸಿ, ಹರಿದ ಪರ್ಫೊರೇಶನನ್ನು (ಫಿಲ್ಮಿನ ಅಂಚಿನ ತೂತುಗಳನ್ನು) ಕೈಯಲ್ಲಿ ಸರಿ ಮಾಡಿ ಸ್ಕ್ಯಾನ್ ಮಾಡಿದ್ರು. ಪಥೇರ್ ಪಾಂಚಾಲಿಯ 40 ಪರ್ಸೆಂಟ್, ಅಪರಾಜಿತೋದ 60 ಪರ್ಸೆಂಟಿಗಿಂತ ಹೆಚ್ಚು ಆ ಸುಟ್ಟ ನೆಗೆಟಿವಿನಿಂದಲೇ ಬಂದದ್ದು. ಉಳಿದದ್ದಕ್ಕೆ ಬೇರೆ ಕಡೆ ಇದ್ದ ಒಳ್ಳೆ ಕಾಪಿಗಳನ್ನು (ಫೈನ್ ಗ್ರೇನ್ ಮಾಸ್ಟರ್, ಡೂಪ್ ನೆಗೆಟಿವ್) ಹುಡುಕಿ ಸೇರಿಸಿದ್ರು. 2015ರಲ್ಲಿ ಡಿಸ್ಕ್ ಬಂತು. ಪಥೇರ್ ಪಾಂಚಾಲಿಯಲ್ಲಿ ದುರ್ಗಾ ಮಳೆಯಲ್ಲಿ ನೆನೆಯುವ ಸೀನು ಅದರಲ್ಲಿ ನೋಡು, ಕೂದಲಿನ ಒಂದೊಂದು ಎಳೆ, ಹಿಂದೆ ಮರದ ಎಲೆ ಎಲ್ಲ ಬೇರೆ ಬೇರೆ ಕಾಣ್ತದೆ. ಫಿಲ್ಮಿನ ಗ್ರೇನ್, ಅಂದ್ರೆ ಚಿತ್ರದ ಸಣ್ಣ ಸಣ್ಣ ಕಣ, ಹಾಗೇ ಉಂಟು, ಇರ್ಲೇಬೇಕು. ಗ್ರೇನ್ ಒರೆಸಿ ಮುಖವನ್ನು ಮೇಣದ ಹಾಗೆ ಮಾಡಿದ್ರೆ ಅದು ಹಾಳು ಮಾಡಿದ್ದು ಅಂತಲೇ ನಾನು ಹೇಳುದು.

ಬಿ.ಸಿ.ರೋಡು ರಂಗ:

ಇಲ್ಲಿ ನಾನೊಂದು ಮಾತು ಸೇರಿಸ್ಲೇಬೇಕು. ನಮ್ಮ ಕನ್ನಡದಲ್ಲಿ ಹಳೇ ಸಿನಿಮಾಕ್ಕೆ ದುಡ್ಡು ಹಾಕಿದ್ದು ಅಂದ್ರೆ ಜನರ ನೆನಪಿಗೆ ಬರುದು ಬಣ್ಣ ಹಚ್ಚಿದ್ದು. ಸತ್ಯ ಹರಿಶ್ಚಂದ್ರಕ್ಕೆ 2008ರಲ್ಲಿ, ಕಸ್ತೂರಿ ನಿವಾಸಕ್ಕೆ 2014ರಲ್ಲಿ ಬಣ್ಣ ಬಂತು, ಥಿಯೇಟರಿಗೆ ಜನವೂ ಬಂದ್ರು, ಅಣ್ಣಾವ್ರನ್ನು ದೊಡ್ಡ ತೆರೆಯಲ್ಲಿ ಮತ್ತೆ ನೋಡಿದ ಖುಷಿ ನನಗೂ ಉಂಟು. ಆದ್ರೆ ಕಪ್ಪುಬಿಳುಪಿಗೆ ಲೈಟ್ ಮಾಡಿದವ್ರು ಬಣ್ಣಕ್ಕೆ ಲೈಟ್ ಮಾಡಿದ್ದಲ್ಲ. ಅಷ್ಟೇ ಖರ್ಚಲ್ಲಿ ನೆಗೆಟಿವ್ ತೊಳೆದು ಸ್ಕ್ಯಾನ್ ಮಾಡಿ ಕಪ್ಪುಬಿಳುಪಿನದ್ದೇ ಒಂದು ಒಳ್ಳೆ ಡಿಸ್ಕ್ ಕೊಡಿ ಅಂತ ಕೇಳುವ ಜನ ನಾವಾಗ್ಬೇಕು.

ಚೋಮನ ದುಡಿಯನ್ನೇ ತಗೊಳ್ಳಿ. ಕೋಟದ ಶಿವರಾಮ ಕಾರಂತರ ಕಾದಂಬರಿ, ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರ ನಿರ್ದೇಶನ, 1975ರ ಸ್ವರ್ಣಕಮಲ, ವಾಸುದೇವ ರಾವ್ ಅವರಿಗೆ ನ್ಯಾಷನಲ್ ಅವಾರ್ಡ್. ಆ ದುಡಿಯ ಪೆಟ್ಟು ಒಳ್ಳೆ ಸೌಂಡಿನಲ್ಲಿ ಕೇಳ್ಬೇಕು ಅಂತ ನನಗೆ ಎಷ್ಟು ಆಸೆ ಗೊತ್ತುಂಟಾ, ಈಗ ಕೇಳಿದ್ರೆ ಡಬ್ಬ ಬಡಿದ ಹಾಗೆ. ಶಿವರಾಮ ಕಾರಂತರು ಮೂಕಿ ಕಾಲದಲ್ಲಿ ಸ್ವತಃ ಡೊಮಿಂಗೊ, ಭೂತರಾಜ್ಯ ಅಂತ ಸಿನಿಮಾ ಮಾಡಿದ್ರು, ಅವು ನೋಡ್ಲಿಕ್ಕೆ ಸಿಗುದಿಲ್ಲ. ಮಂಗ್ಳೂರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1931ರ ಮೃಚ್ಛಕಟಿಕದಲ್ಲಿ ಆ್ಯಕ್ಟ್ ಮಾಡಿದ್ರು, ಅದೂ ಹಾಗೆಯೇ. ಮೊದಲ ಕನ್ನಡ ಟಾಕಿ ಸತಿ ಸುಲೋಚನ, 1934, ಒಂದು ಪ್ರಿಂಟೂ ಉಳೀಲಿಲ್ಲ. ಇಡೀ ದೇಶದಲ್ಲಿ 1,300ಕ್ಕಿಂತ ಹೆಚ್ಚು ಮೂಕಿ ಚಿತ್ರ ಮಾಡಿದ್ದು, ಪೂರ್ತಿಯೋ ತುಂಡೋ ಉಳಿದದ್ದು ಹತ್ತಿರ ಹತ್ತಿರ 30. ಇದು ಓದುವಾಗ ಹೊಟ್ಟೆ ಉರೀತದೆ.

ಮಣಿಪಾಲ ಹಾಸ್ಟೆಲ್:

ಅರ್ಥ ಆಯ್ತು ಅಣ್ಣ. ಹಾಗಾದ್ರೆ ಡಾಕ್ಯುಮೆಂಟರಿಯಲ್ಲಿ ನಾನು ಒಂದೇ ಡಿಸ್ಕ್ ತಗೊಳ್ಳುದಾದ್ರೆ ಯಾವುದು?

ಹಂಪನಕಟ್ಟೆ ರೀಲು:

ಕಣ್ಣು ಮುಚ್ಚಿ ಸೆಲ್ಯುಲಾಯ್ಡ್ ಮ್ಯಾನ್ ತಗೋ. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರದ್ದು, 2012, ಪುಣೆಯ ಫಿಲ್ಮ್ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್ ಬಗ್ಗೆ. ಇಂಗ್ಲೆಂಡಿನ ಸೆಕೆಂಡ್ ರನ್ ಡಿವಿಡಿ ಮಾಡಿದ್ದಾರೆ. ನಮಗೆ ಅದು ಯಾಕೆ ಹತ್ತಿರ ಅಂದ್ರೆ ಅದರಲ್ಲಿ ಹೆಗ್ಗೋಡು ಬರ್ತದೆ. ಕೆ.ವಿ. ಸುಬ್ಬಣ್ಣ ಅವರು ನೀನಾಸಂ ಚಿತ್ರಸಮಾಜ ಮಾಡಿ, ಆರ್ಕೈವಿನಿಂದ ಪ್ರಿಂಟ್ ತರಿಸಿ ಹಳ್ಳಿಯಲ್ಲಿ ರಶೋಮನ್, ಬೈಸಿಕಲ್ ಥೀವ್ಸ್ ಎಲ್ಲ ತೋರಿಸಿದ್ದು ಗೊತ್ತುಂಟಲ್ಲ, ಆ ಸಿನಿಮಾ ನೋಡಿದ ಊರಿನವ್ರೇ ಅದರಲ್ಲಿ ಮಾತಾಡ್ತಾರೆ, ಕನ್ನಡದಲ್ಲಿ. ಘಾಟಿಯ ಮೇಲೆ ನಮ್ಮಿಂದ ಅರ್ಧ ದಿನದ ದಾರಿ ಅದು.

ಎರಡನೇದು ಕೇಳಿದ್ರೆ ಸೋವಿಯತ್ ನಿರ್ದೇಶಕ ವೆರ್ಟೋವನ ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ, 1929. ಅದರ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ರಿಸ್ಟೋರ್ ಯಾಕೆ ಬೇಕು ಅಂತ ಇದಕ್ಕಿಂತ ಚಂದ ತೋರಿಸುವ ಡಿಸ್ಕ್ ಇಲ್ಲ. ಮೂಕಿ ಚಿತ್ರದ ಫ್ರೇಮ್ ಫಿಲ್ಮಿನ ಪೂರ್ತಿ ಅಗಲ ತಗೊಳ್ತದೆ. ಆಮೇಲೆ ಸೌಂಡ್ ಬಂದಾಗ ಎಡಗಡೆ ಪಟ್ಟಿಯನ್ನು ಸೌಂಡ್‌ಟ್ರ್ಯಾಕಿಗೆ ಬಿಟ್ಟು ಪ್ರಿಂಟ್ ಹಾಕಿದ್ರು, ಹಾಗಾಗಿ ಎಷ್ಟೋ ವರ್ಷ ಜನ ನೋಡಿದ್ದು ಎಡಭಾಗ ಕತ್ತರಿಸಿದ ಚಿತ್ರ. ವೆರ್ಟೋವ್ 1931ರಲ್ಲಿ ಯುರೋಪಿಗೆ ಬಂದಾಗ ಹಾಲೆಂಡಿನಲ್ಲಿ ಬಿಟ್ಟು ಹೋದ ಪೂರ್ತಿ ಫ್ರೇಮಿನ ಪ್ರಿಂಟ್ ಆಮ್‌ಸ್ಟರ್‌ಡ್ಯಾಮಿನ ಐ ಫಿಲ್ಮ್ ಮ್ಯೂಸಿಯಮಿನಲ್ಲಿತ್ತು, ಅದರಿಂದ ರಿಸ್ಟೋರ್ ಮಾಡಿದ್ರು. ಹಳೇ ಕಾಪಿ ಮತ್ತು ಈ ಬ್ಲೂ-ರೇ ಪಕ್ಕಪಕ್ಕ ಹಾಕಿ ನೋಡಿದ್ರೆ ಒಂದೊಂದು ಶಾಟಿನಲ್ಲಿ ಮನುಷ್ಯರೇ ಹೊಸತಾಗಿ ಬರ್ತಾರೆ.

ಇಂಡಿಯಾದ ಬಗ್ಗೆ ಬೇಕಾದ್ರೆ ಫ್ರೆಂಚ್ ನಿರ್ದೇಶಕ ಲೂಯಿ ಮಾಲ್‌ನ ಫ್ಯಾಂಟಮ್ ಇಂಡಿಯಾ, 1969, ಏಳು ಭಾಗ, ಕ್ರೈಟೀರಿಯನ್‌ನವ್ರ ಎಕ್ಲಿಪ್ಸ್ ಸೆಟ್ಟಿನಲ್ಲಿ ಉಂಟು. ಅವನ ಅಭಿಪ್ರಾಯ ಎಲ್ಲ ಒಪ್ಪುದು ನನಗೆ ಆಗ್ಲಿಲ್ಲ, ಆದ್ರೆ ಆ ಮುಖಗಳು, ಆ ರಸ್ತೆ, ಆ ಹೊಲ, 60ರ ದಶಕದ ನಮ್ಮ ದೇಶವನ್ನು ಅಷ್ಟು ಪುರ್ಸೊತ್ತಿನಲ್ಲಿ ನೋಡಿದ ಕ್ಯಾಮೆರಾ ಕಮ್ಮಿ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಿಟ್ಟ ಶಿರಾಜ್ ಕೂಡ ಹೇಳ್ಬೇಕು, 1928ರದ್ದು, ಡಾಕ್ಯುಮೆಂಟರಿ ಅಲ್ಲ, ಆದ್ರೆ ನಮ್ಮ ಮೂಕಿ ಚಿತ್ರ ಹೇಗಿತ್ತು ಅಂತ ನೋಡ್ಲಿಕ್ಕೆ. ಅನೌಷ್ಕಾ ಶಂಕರ್ ಸಂಗೀತ. ಅದರ ಫಿಲ್ಮ್ ಹೊರದೇಶದಲ್ಲಿ ಉಳಿದದ್ದರಿಂದ ಇವತ್ತು ಸಿಗುದು.

ಕಟಪಾಡಿ ಅಕ್ಕ:

ಫಿಲ್ಮ್ಸ್ ಡಿವಿಷನಿನದ್ದೂ ಮರೀಬೇಡಿ. ಕೇಂದ್ರ ಸರ್ಕಾರ ಡಾಕ್ಯುಮೆಂಟರಿ ಮಾಡ್ಲಿಕ್ಕೆ 1948ರಲ್ಲಿ ಶುರು ಮಾಡಿದ ಸಂಸ್ಥೆ ಅದು, ಮೊದಲು ಥಿಯೇಟರಲ್ಲಿ ಪಿಕ್ಚರಿಗೆ ಮುಂಚೆ ಕಡ್ಡಾಯ ತೋರಿಸ್ತಿದ್ರು. ಎಸ್.ಎನ್.ಎಸ್. ಶಾಸ್ತ್ರಿಯವರ ಐ ಆ್ಯಮ್ 20, 1967ರದ್ದು, ಸ್ವಾತಂತ್ರ್ಯದ ವರ್ಷ ಹುಟ್ಟಿದ ಮಕ್ಕಳನ್ನು ಮಾತಾಡಿಸಿದ್ದು, ಎಷ್ಟು ಸಲ ನೋಡಿದ್ರೂ ಬೇಜಾರಾಗುದಿಲ್ಲ. ಮೇಲೆ ಬಿ.ವಿ. ಕಾರಂತರ ಹೆಸರು ಬಂತಲ್ಲ, ಅವರ ಬಗ್ಗೆ ರಾಮಚಂದ್ರ ಪಿ.ಎನ್. ಅವರು ಬಾಬಾ ಅಂತ ಮಾಡಿದ ಡಾಕ್ಯುಮೆಂಟರಿಯೂ ಫಿಲ್ಮ್ಸ್ ಡಿವಿಷನಿನದ್ದೇ. ಅವರೇ ತುಳುವಿನಲ್ಲಿ ಸುದ್ದ ಮಾಡಿದವ್ರು. ಅದು ಡಿಜಿಟಲಲ್ಲಿ ತೆಗೆದದ್ದು, ಅಂದ್ರೆ ಡಬ್ಬಿಯಲ್ಲಿ ನೆಗೆಟಿವ್ ಇಲ್ಲ. ಅಂಥ ಸಿನಿಮಾಕ್ಕೆ ಟೇಪ್, ಹಾರ್ಡ್ ಡಿಸ್ಕೇ ನೆಗೆಟಿವ್, ಅದು ಫಿಲ್ಮಿಗಿಂತ ಬೇಗ ಸಾಯುವ ವಸ್ತು.

ಪಡುಬಿದ್ರೆಯವಳು:

ಎಲ್ಲ ಓದ್ತಾ ಬಂದೆ. ನನ್ನದು ಸಿನಿಮಾ ಅಲ್ಲ, ಇಲ್ಲಿ ಕೇಳ್ಬಹುದಾ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅಪ್ಪ ತೆಗೆಸಿದ ವಿಎಚ್‌ಎಸ್ ಕ್ಯಾಸೆಟ್ ಒಂದು ಪೆಟ್ಟಿಗೆ ಉಂಟು, ಬಯಲಾಟ, ಮನೆಯ ನೇಮ (ಭೂತಕೋಲ), ಆಮೇಲಿನ ಕೆಲವು ಮಿನಿ ಡಿವಿ, ಸಣ್ಣ ಡಿಜಿಟಲ್ ಕ್ಯಾಸೆಟ್. ಕೆಲವು ಕ್ಯಾಸೆಟಿನ ಕಿಟಕಿಯಲ್ಲಿ ನೋಡಿದ್ರೆ ಟೇಪಿನ ಅಂಚಿಗೆ ಬಿಳಿ ಬಿಳಿ ಚುಕ್ಕೆ. ವಿಸಿಆರ್ ಒಂದು ನೆರೆಮನೆಯಲ್ಲಿ ಉಂಟಂತೆ, ಹಾಕಿ ನೋಡ್ಲಾ?

ಕಲ್ಸಂಕದವ:

ಅಕ್ಕ, ದಯವಿಟ್ಟು ಹಾಕ್ಬೇಡಿ! ಆ ಬಿಳಿ ಚುಕ್ಕೆ ಬೂಸ್ಟು. ಹಾಕಿದ್ರೆ ವಿಸಿಆರ್ ಹೆಡ್ಡಿಗೆ ಅಂಟ್ತದೆ, ಆಮೇಲೆ ಆ ವಿಸಿಆರಿಗೆ ಹಾಕಿದ ಒಳ್ಳೆ ಕ್ಯಾಸೆಟಿಗೂ ಹಬ್ಬಿಸ್ತದೆ, ಟೇಪ್ ಅಂಟಿಕೊಂಡಿದ್ರೆ ಹರಿದೂ ಹೋಗ್ತದೆ. ಚುಕ್ಕೆ ಇದ್ದದ್ದು ಇಲ್ಲದ್ದು ಎರಡು ಪಾಲು ಮಾಡಿ, ಚುಕ್ಕೆ ಇದ್ದದ್ದನ್ನು ಜಿಪ್ ಕವರಲ್ಲಿ ಸಿಲಿಕಾ ಜೆಲ್ ಹಾಕಿ ಬೇರೆ ಕೋಣೆಯಲ್ಲಿಡಿ. ತೆರೆದು ಒರೆಸುವ ಕೆಲಸ ಗೊತ್ತಿದ್ದವ್ರೇ ಮಾಡ್ಬೇಕು. ಚುಕ್ಕೆ ಇಲ್ಲದ್ದನ್ನು ಮೊದಲು ಡಿಜಿಟಲ್ ಮಾಡುವ, ಒಳ್ಳೆ ವಿಸಿಆರ್, ಅಲುಗಾಡುವ ಚಿತ್ರವನ್ನು ಸರಿ ಮಾಡುವ ಟೈಮ್ ಬೇಸ್ ಕರೆಕ್ಟರ್, ಕಂಪ್ಯೂಟರಿಗೆ ಇಳಿಸ್ಲಿಕ್ಕೆ ಕ್ಯಾಪ್ಚರ್ ಕಾರ್ಡ್ ಬೇಕು. ಹೊಸ ವಿಸಿಆರ್ ಮಾಡುದು 2016ರಲ್ಲೇ ನಿಂತದ್ದು, ಇರುವ ಮಿಷನ್ ಹಾಳಾದ್ರೆ ಸ್ಪೇರ್ ಇಲ್ಲ, ಹಾಗಾಗಿ ಇದು ಈಗಲೇ ಆಗ್ಬೇಕು. ಮಿನಿ ಡಿವಿ ಮಾತ್ರ ಸುಲಭ, ಅದು ಮೊದಲೇ ಡಿಜಿಟಲ್, ಫೈರ್‌ವೈರ್ ಕೇಬಲಲ್ಲಿ ಇದ್ದದ್ದು ಇದ್ದ ಹಾಗ್ನೇ ಬರ್ತದೆ, ಒಂದು ಗಂಟೆಗೆ ಸುಮಾರು 13 ಜಿಬಿ.

ಸಿನಿಮಾ ಅಲ್ಲ ಅಂತ ಹೇಳ್ಬೇಡಿ. ನಿಮ್ಮ ಪೆಟ್ಟಿಗೆಯಲ್ಲಿರುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯದ ಡಾಕ್ಯುಮೆಂಟರಿ. ಪಥೇರ್ ಪಾಂಚಾಲಿಯ ಡಿಸ್ಕ್ ನನ್ನದು ಹಾಳಾದ್ರೆ ಇನ್ನೊಂದು ತರಿಸ್ಬಹುದು, ನಿಮ್ಮ ಮನೆಯ ನೇಮದ್ದು ಎಲ್ಲಿಂದ ತರಿಸುದು?

ಬಿ.ಸಿ.ರೋಡು ರಂಗ:

ಹೌದು ಅಕ್ಕ. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ನಮ್ಮ ವಿದ್ವಾಂಸರ ಜೊತೆ ಸೇರಿ ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು, ಅಂದ್ರೆ ತುಳುವಿನ ಮೌಖಿಕ ಕಾವ್ಯವನ್ನು, ಪೂರ್ತಿ ರೆಕಾರ್ಡ್ ಮಾಡಿದ್ರು, 15,683 ಸಾಲು ಆಯ್ತು. ಆ ರೆಕಾರ್ಡಿಂಗ್ ಇರದಿದ್ರೆ ಆಮೇಲೆ ಬಂದ ಸಿರಿ ಕಾವ್ಯದ ಪುಸ್ತಕ ಎಲ್ಲಿಂದ ಬರ್ಬೇಕು? ಉಡುಪಿ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಶುರು ಮಾಡಿದ ಜಾನಪದ ರಂಗಕಲೆಗಳ ಕೇಂದ್ರದ ಕೆಲಸವೂ ಅದೇ ದಾರಿಯದ್ದು, ಆಟ ಕೋಲ ಎಲ್ಲ ಆಡಿಯೋ ವಿಡಿಯೋದಲ್ಲಿ ಹಿಡಿದಿಡುದು.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಕ್ಯಾಸೆಟಿನ ಮೇಲೆ ಏನು ಬರೆದಿದೆ ಅದನ್ನು ಫೋಟೋ ತೆಗೆದಿಡಿ, ಶಾಯಿ ಮಾಸ್ತದೆ. ಮೇಳ ಯಾವುದು, ಪ್ರಸಂಗ ಯಾವುದು, ಭಾಗವತರು ಯಾರು, ವೇಷ ಯಾರ್ಯಾರದ್ದು, ನಿಮ್ಮ ಅಪ್ಪನಿಗೆ ನೆನಪಿದ್ದಷ್ಟು ಕೇಳಿ ಬರ್ಕೊಳ್ಳಿ.

ಪಡುಬಿದ್ರೆಯವಳು:

ಅಪ್ಪ ಇಲ್ಲೇ ಪಕ್ಕದಲ್ಲಿ ಕೂತು ಹೇಳ್ತಿದ್ದಾರೆ, ಬರ್ಕೊಳ್ತಿದ್ದೇನೆ. ಹೆಚ್ಚಿನದ್ದು ನೆನಪುಂಟು ಅವರಿಗೆ, ಚೆಂಡೆಯವರ ಹೆಸರು ಸಮೇತ. ಮಿನಿ ಡಿವಿಯ ಕ್ಯಾಮೆರಾ ಇಲ್ಲ, ಅದನ್ನು ಏನು ಮಾಡುದು?

ಹಂಪನಕಟ್ಟೆ ರೀಲು:

ಕ್ಯಾಮೆರಾ ನನ್ನತ್ರ ಉಂಟು, ಫೈರ್‌ವೈರ್ ಕಾರ್ಡ್ ಇರುವ ಹಳೇ ಕಂಪ್ಯೂಟರೂ ಉಂಟು. ಆದಿತ್ಯವಾರ ಬೆಳಿಗ್ಗೆ ತನ್ನಿ, ಒಂದು ಟಿಬಿಯ ಖಾಲಿ ಹಾರ್ಡ್ ಡಿಸ್ಕ್ ಎರಡು ತನ್ನಿ, ಒಂದು ನಿಮ್ಮ ಮನೆಗೆ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿಡ್ಲಿಕ್ಕೆ. ವಿಎಚ್‌ಎಸ್ ಸದ್ಯಕ್ಕೆ ತರ್ಬೇಡಿ, ಚುಕ್ಕೆ ಇಲ್ಲದ ಪಾಲನ್ನು ಕಟಪಾಡಿ ಅಕ್ಕ ಒಮ್ಮೆ ನೋಡ್ಲಿ. ಮಣಿಪಾಲದ ಹುಡುಗ ಬರ್ತಾನಾದ್ರೆ ಅವನಿಗೂ ಕ್ಯಾಪ್ಚರ್ ಮಾಡುದು ತೋರಿಸಿಕೊಡ್ತೇನೆ, ಒಂದೊಂದು ಟೇಪೂ ಪೂರ್ತಿ ಓಡ್ಬೇಕು, ಜೊತೆಗೆ ಕೂರ್ಲಿಕ್ಕೆ ಜನ ಬೇಕು.

ಮಣಿಪಾಲ ಹಾಸ್ಟೆಲ್:

ಬರ್ತೇನೆ ಅಣ್ಣ. ಸೆಲ್ಯುಲಾಯ್ಡ್ ಮ್ಯಾನ್ ಡಿಸ್ಕ್ ಇದ್ರೆ ಅದೂ ತೆಗೆದಿಡಿ, ಟೇಪ್ ಓಡುವಾಗ ಇನ್ನೊಂದು ಕಡೆ ನೋಡುವ.